ಅಂಬರೀಶನ ಬಿಳಿ ಕಾರು, ಪೋಲಮ್ಮನ ಆಣೆ

ಅಂಬರೀಶ ಕೆಟ್ಟವನಲ್ಲ. ನನ್ನ ಸಿಟ್ಟಿಗೆ ಕಾರಣವೂ ಅದೇ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು.

ಲೇಪಾಕ್ಷಿ ಕಡೆಯ ನಮ್ಮೂರಲ್ಲಿ ಅವನ ಮನೆ ನಮ್ಮ ಬೀದಿಯ ಕೊನೆಗೆ, ನೀರಿನ ಟ್ಯಾಂಕಿನ ಎದುರಿಗಿದೆ. ತಾಯಿ ಸತ್ತಾಗ ಅವನಿಗೆ ಅಂಗಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಸಾಕಿದವಳು ಅಣ್ಣನ ಹೆಂಡತಿ ಪೋಲಮ್ಮ. ಮದುವೆಯಾಗಿ ಬಂದ ಹೊಸದರಲ್ಲೇ ಮೈದುನನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ತನಗೆ ಮಕ್ಕಳಾಗಲಿಲ್ಲ, ಇವನನ್ನೇ ಮಗ ಅಂದುಕೊಂಡಳು. ಗಂಡ ಎರ್ರಪ್ಪ ತೀರಿಕೊಂಡ ಮೇಲೂ ಪಕ್ಕದ ಮನೆಯಲ್ಲೇ ಉಳಿದಳು. ಇವನಿಗೆಂದು ಒಂದು ಮುದ್ದೆ ಹೆಚ್ಚಿಗೆ ಕಟ್ಟದೆ ಒಲೆ ಆರಿಸಿದವಳಲ್ಲ.

ಗೋರಂಟ್ಲದಲ್ಲಿ ಟ್ರ್ಯಾಕ್ಟರ್, ಹಿಂದೂಪುರದಲ್ಲಿ ಯಾರದೋ ಟೆಂಪೊ ಓಡಿಸಿ, ಕೊನೆಗೆ ಅಂಬರೀಶ ಸ್ವಂತ ಕಾರು ತಂದ. ಮದುವೆ ಬಾಡಿಗೆಗೆ ಚೆಂದವೆಂದು ಬಿಳಿಯದನ್ನೇ ತಂದ. ಪೂಜೆಯ ದಿನ ಪೋಲಮ್ಮ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವನು ಕಲ್ಯಾಣದುರ್ಗದಿಂದ ಬಂದಿದ್ದ ಹೆಂಡತಿಯ ಕಡೆಯವರನ್ನು ಮೊದಲು ಕೂರಿಸಿಕೊಂಡು ಒಂದು ಸುತ್ತು ಹೋದ. ತಿರುಗಿ ಬರುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಇವನನ್ನು ಒಳಗೊಳಗೇ ಚುಚ್ಚುತ್ತಿತ್ತು.

ಆ ಬೇಸಿಗೆಯಲ್ಲಿ ಚುಕ್ಕೆಗಳು ಶುರುವಾದವು. ಬಾನೆಟ್ಟಿನ ಮೇಲೆ, ಟಾಪಿನ ಮೇಲೆ, ಗಾಜಿನ ಮೇಲೆ, ಎಲ್ಲಿ ನೋಡಿದರೂ ಹಳದಿ ಚುಕ್ಕೆ. ಒಣಗಿದ ಮೇಲೆ ಉಗುರಿಗೂ ಏಳುತ್ತಿರಲಿಲ್ಲ. ಸೋಪಿನ ಪುಡಿ ಹಾಕಿ ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದ; ಚುಕ್ಕೆಯ ಜತೆ ಬಣ್ಣದ ಹೊಳಪೂ ಹೋಯಿತು. ಹಿಂದೂಪುರದಲ್ಲಿ ಕಾರು ತೊಳೆಯುವವನು ಮರದ ಅಂಟು ಅಂದ. ಆದರೆ ಮನೆಯೆದುರು ಟ್ಯಾಂಕಿನ ಬುಡದಲ್ಲಿ ಕಾರು ನಿಲ್ಲುವ ಕಡೆ ಮರವೇ ಇರಲಿಲ್ಲ. ಅತ್ತೆ ಮನೆಗೆಂದು ಕಲ್ಯಾಣದುರ್ಗಕ್ಕೆ ಹೋಗಿ ಉಳಿದಾಗ ಒಂದು ಚುಕ್ಕೆಯೂ ಬೀಳಲಿಲ್ಲ. ಊರಿಗೆ ಬಂದ ಮಾರನೆಯ ದಿನವೇ ಮತ್ತೆ ಬಿದ್ದವು.

“ಇದಿ ಎವರೋ ಚೇಸಿಂದೇ,” ಇದು ಯಾರೋ ಮಾಡಿದ್ದೇ ಎಂದು ತೆಲುಗಿನಲ್ಲಿ ಶುರುಮಾಡಿದಳು ಹೆಂಡತಿ ಶ್ರೀವಾಣಿ. “ಯಾರೋ ಬೇಕಂತ್ಲೇ ಅರಿಶಿನದ ನೀರು ಮಂತ್ರಿಸಿ ಚೆಲ್ತಾವ್ರೆ. ಬೇವಿನ ಸೊಪ್ಪಲ್ಲಿ ಚಿಮುಕಿಸ್ದಂಗೆ ಅದೆ ನೋಡು.”

ಪೋಲಮ್ಮ ಶುಕ್ರವಾರ ಹೊಸಿಲಿಗೆ ಅರಿಶಿನದ ನೀರು ಚಿಮುಕಿಸುವುದು ಬೀದಿಗೆಲ್ಲ ಗೊತ್ತು. ಅಂಬರೀಶನ ತಲೆಗೆ ಹುಳ ಹೊಕ್ಕಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಚುಕ್ಕೆಯೂ ನಿಜವಾಗಿ ಹಳದಿಯೇ ಆಗಿದ್ದದ್ದು ಅವನ ಗ್ರಹಚಾರ. ಅಷ್ಟರಲ್ಲಿ ಪೆನುಕೊಂಡದ ಮದುವೆಯವರು ಕಾರು ನೋಡಿ ಮುಖ ಸಿಂಡರಿಸಿ, ಬೇರೆ ಕಾರು ಹಿಡಿದರು. ಆ ಮಂಗಳವಾರವೇ ಅವನು ನಾಲ್ಕು ಜನರನ್ನು ಸೇರಿಸಿ, ಅತ್ತಿಗೆಯನ್ನು ಮಾರಮ್ಮನ ಗುಡಿಗೆ ಕರೆಸಿದ.

ನಮ್ಮೂರಲ್ಲಿ ಆಣೆ ಎಂದರೆ ಹುಡುಗಾಟವಲ್ಲ. ಗುಡಿಯ ಮುಂದಿನ ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಾರೆ. “ನಾನು ಮಾಡಿಲ್ಲ” ಎಂದು ಅಂಗೈಯಿಂದ ಅದನ್ನು ಆರಿಸಬೇಕು. ಅಂದಿನಿಂದ ಆಣೆ ಕೇಳಿದವರಿಗೂ ಮಾಡಿದವರಿಗೂ ನಡುವೆ ಅನ್ನ ನೀರು ನಡೆಯಕೂಡದು. ಪೋಲಮ್ಮ ಅವನ ಮುಖವನ್ನು ಒಮ್ಮೆ ನೋಡಿ ಕರ್ಪೂರದ ಮೇಲೆ ಕೈ ಇಟ್ಟಳು. ನಾನೂ ಅಲ್ಲೇ ನಿಂತು ನೋಡಿದೆ.

ಮಾರನೆಯ ದಿನ ಕಾರಿನ ಮೇಲೆ ಮತ್ತೆ ಚುಕ್ಕೆ. ಈ ಮಹಾರಾಯನಿಗೆ ಆಣೆಯ ಮೇಲೂ ನಂಬಿಕೆ ಹುಟ್ಟಲಿಲ್ಲ. ಕೈಯಾರೆ ಹಿಡಿಯುತ್ತೇನೆಂದು ಇನ್ನೊಂದು ಬೆಳಿಗ್ಗೆ ಕಾರು ತೊಳೆದು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅತ್ತಿಗೆಯ ಬಾಗಿಲನ್ನೇ ನೋಡುತ್ತ ಕೂತ. ಅವಳು ಹೊರಗೆ ಬಂದು ಅಂಗಳ ಗುಡಿಸಿದಳು. ಇವನು ಕೂತಿದ್ದನ್ನು ಕಂಡಳು. ಪೊರಕೆ ಮೂಲೆಗಿಟ್ಟು ಒಳಗೆ ಹೋದಳು.

ಬಿಸಿಲೇರುವ ಹೊತ್ತಿಗೆ ಅಂಬರೀಶನ ಬಿಳಿ ಅಂಗಿಯ ತೋಳಿನ ಮೇಲೆ ಹಳದಿ ಹನಿಯೊಂದು ಬಿತ್ತು. ಹಿಂದೆಯೇ ಇನ್ನೊಂದು. ತಲೆಯೆತ್ತಿದರೆ ಟ್ಯಾಂಕಿನ ಅಡಿಯಿಂದ ಹೆಜ್ಜೇನು ಹಿಂಡಾಗಿ ಎದ್ದು ಮೇಲೆ ಸುತ್ತುತ್ತಿದ್ದವು. ಅಷ್ಟು ದೊಡ್ಡ ಗೂಡು ತಲೆಯ ಮೇಲೆ ನೇತಾಡುತ್ತಿತ್ತು. ಕಾರಿನ ಮೇಲೆ ಬೀಳುತ್ತಿದ್ದದ್ದು ಆ ಜೇನಿನ ಹಿಕ್ಕೆ. ದಿನವೂ ಅದರ ಕೆಳಗೆ ಓಡಾಡುವ ಇಡೀ ಬೀದಿಯಲ್ಲಿ ಒಬ್ಬರೂ ಮೇಲೆ ನೋಡಿರಲಿಲ್ಲ.

ಒದ್ದೆ ಟವೆಲ್ ಹಾಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟ ಮೇಲೆ ಚುಕ್ಕೆಗಳು ಸಲೀಸಾಗಿ ಬಂದವು. ಇಷ್ಟೇ ಇದ್ದದ್ದು ಕೆಲಸ! ಅಂಬರೀಶ ಅದೇ ಟವೆಲ್ ಹಿಡಿದು ಅತ್ತಿಗೆಯ ಬಾಗಿಲಿಗೆ ಓಡಿದ. ನಾನೂ ಹಿಂದೆಯೇ ಹೋದೆ.

“ಅತ್ಗೆಮ್ಮ, ತಪ್ಪಾಗ್ಬುಡ್ತು. ಜೇನು ಕಣಮ್ಮ, ಟ್ಯಾಂಕಿನ ಜೇನು! ಮಾರಮ್ಮಂಗೆ ಕಾಣಿಕೆ ಹಾಕಿ ಇವತ್ತೇ ಆಣೆ ಬಿಡಿಸ್ಕೊಂಡು ಬತ್ತೀನಿ. ಆಮೇಲೆ ಒಂದು ಲೋಟ ನೀರು ಕೊಡು, ಸಾಕು.”

ಪೋಲಮ್ಮ ಮೊರದಲ್ಲಿ ಕಡಲೆಬೀಜ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನನ್ನ ಒಂದು ಮಾತು ಕೇಳಿದ್ರೆ ಇಲ್ಲ ಅಂತ ಯೋಳ್ತಿದ್ದೆ. ನೀನು ಕೇಳ್ಳೇ ಇಲ್ಲ. ಮಾರಮ್ಮನ ಮುಂದೆ ಕೈ ಸುಟ್ಕೊಂಡು ಯೋಳ್ದೆ, ಆಗ್ಲೂ ನಂಬ್ಲಿಲ್ಲ, ನನ್ ಬಾಕ್ಲು ಕಾಯ್ಕೊಂಡು ಕೂತ್ಕೊಂಡೆ. ಈಗ ಜೇನು ಯೋಳ್ತು ಅಂತ ನಂಬ್ಕೊಂಡು ಬಂದ್ಬುಟ್ಟೆ. ಆಣೆ ಬಿಡಿಸ್ಬೋದು ಕಣಪ್ಪ. ನೀನು ಅಲ್ಲಿ ಕೂತಿದ್ದನ್ನ ನಾನು ಎಂಗೆ ಮರೀಲಿ?”

ಅಂಬರೀಶ ಹೊಸಿಲಿನಾಚೆಯೇ ಕುಸಿದು ಕೂತು ಮಗುವಿನಂತೆ ಅತ್ತ. ಅವಳು ಬೀಜ ಆರಿಸುತ್ತಲೇ ಇದ್ದಳು.