ಒಲೆ ಹೊತ್ತದ ಸಂಜೆ

ನಮ್ಮ ಮಾವನವರಿಗೆ ಯುದ್ಧದ ಸುದ್ದಿಯೆಂದರೆ ಜೀವ. ಮರಾಠಿ ಸೀಮೆಯ ಉಮರ್ಗಾದ ಬಜಾರಿನಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ತಾಟಿನ ಮುಂದೆ ಕೂತರೆಂದರೆ ಟಿವಿ ಹಚ್ಚಲೇಬೇಕು. ಕಾದಾಟ ಎಲ್ಲೋ ಪರದೇಶದಲ್ಲಿ. ನಮ್ಮ ಪಡಸಾಲೆಯಲ್ಲಿ ನಕಾಶೆಯ ಮೇಲೆ ಕೆಂಪು ಬಾಣ, ಢಮಢಮ ಸಂಗೀತ, ಮರಾಠಿಯಲ್ಲಿ ಗಂಟಲು ಹರಿದುಕೊಳ್ಳುವ ನಿರೂಪಕ. ಯಾರ ಕ್ಷಿಪಣಿ ಎಷ್ಟು ದೂರ ಹಾರುತ್ತದೆಂಬುದು ಮಾವನವರಿಗೆ ಬಾಯಿಪಾಠ. ನಾನು ವಕೀಲೆ. ನಿಲಂಗಾ ಕೋರ್ಟಿನ ಕೂಗಾಟ ಮುಗಿಸಿ, ಬಸ್ಸಿನಲ್ಲಿ ಜೋತಾಡಿಕೊಂಡು ಬಂದರೆ ಮನೆಯಲ್ಲಿ ಈ ನಿರೂಪಕನ ಕೂಗಾಟ. ಅವನ ಮೇಲೊಂದು ಕೇಸು ಜಡಿಯಬೇಕೆನಿಸುತ್ತಿತ್ತು.

ಅತ್ತೆ ಟಿವಿ ನೋಡುವವರಲ್ಲ. ಒಂದು ಸಂಜೆ ರೊಟ್ಟಿ ಬಡಿಸಲು ಬಗ್ಗಿದವರು ಹಾಗೇ ನಿಂತರು. ಪರದೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಸಣ್ಣ ಸಣ್ಣ ಗಂಟುಗಳು ಸಾಲಾಗಿ ಮಲಗಿದ್ದವು. ಮರುಕ್ಷಣ ಸಾಬೂನಿನ ಜಾಹೀರಾತು ಬಂತು.

"ಅವು ಕೂಸುಗಳೇನು?" ಎಂದು ನನ್ನನ್ನು ಕೇಳಿದರು. ಹೌದೆಂದೆ.

ಅತ್ತೆ ಮಾವನವರ ಮುಂದಿನ ತಾಟು ಎತ್ತಿಕೊಂಡು ಒಳಗೆ ನಡೆದರು. ನಮ್ಮಲ್ಲಿ ಓಣಿಯೊಳಗೆ ಹೆಣವಿದ್ದರೆ, ಮಣ್ಣಾಗುವ ತನಕ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ, ಯಾರೂ ಉಣ್ಣುವುದಿಲ್ಲ.

"ಏ, ಅದು ಟಿವ್ಯಾಗದ, ಓಣ್ಯಾಗಲ್ಲ!" ಎಂದರು ಮಾವ.

"ನಡುಮನ್ಯಾಗ ತಂದಿಟ್ಕೊಂಡು ಓಣಿ ಮಾತೇನು ಹೇಳ್ತೀರಿ?"

ಮರುದಿನ ಅತ್ತೆ ಚೌಕಿನಲ್ಲಿ ಒಂದು ತಾಸು ಕೂಡುತ್ತೇನೆಂದರು, ಸತ್ತವರ ಮನೆಗೆ ಹೋಗಿ ಕೂಡುವ ಹಾಗೆ. ನನಗೋ ಎಲ್ಲಿಲ್ಲದ ಹುರುಪು. ಪರವಾನಗಿಯ ಅರ್ಜಿ ಬರೆದುಕೊಂಡು ಠಾಣೆಗೆ ಹೋದೆ. ಸಾಹೇಬರು ಒಳ್ಳೆಯವರು, ಕೂಡಿಸಿ ಚಹಾ ತರಿಸಿದರು.

"ಯಾವ ಪಕ್ಷದ ಮೋರ್ಚಾರೀ?"

"ಪಕ್ಷ ಇಲ್ರೀ. ಘೋಷಣಾನೂ ಇಲ್ಲ. ಸುಮ್ನ ಕೂಡೋದು."

ಸುಮ್ಮನೆ ಕೂಡುವುದೆಂದರೆ ಅವರಿಗೆ ಇನ್ನಷ್ಟು ಗಾಬರಿ. "ಎಲ್ಲಿದೋ ಲಡಾಯಿ, ಇಲ್ಲ್ಯಾಕ ಗಡಬಡ, ಮೇಡಂ?" ಎಂದು ಅರ್ಜಿ ಮರಳಿಸಿದರು. ಸಂವಿಧಾನದ ಕಲಮು ಹೇಳಿ ವಾದಿಸಿದೆ. ಚಹಾ ಆರಿತು, ಅಷ್ಟೇ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಆ ಲಡಾಯಿಯನ್ನು ದಿನಾ ಸಂಜೆ ಮನೆಮನೆಗೆ ತಂದು ಸುರಿಯುವವರಿಗೆ ಇಲ್ಲಿ ಯಾರ ಪರವಾನಗಿಯೂ ಬೇಡ, ಅದನ್ನು ಕಂಡು ಅಳುವವರಿಗೆ ಬೇಕು.

ಅತ್ತೆ ನನ್ನ ಮಾತು ಕೇಳಿ, ನಮ್ಮದೇ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ತಲೆ ತುಂಬ ಸೆರಗು ಹೊದ್ದು ಕೂತರು. ಎದುರುಮನೆಯ ಹೆಂಗಸು ನೋಡಿ ಓಡಿ ಬಂದಳು.

"ಯಾರು ಹೋದ್ರು, ಅತ್ತೀ?"

"ಕೂಸುಗಳು ಹೋದವು, ಯವ್ವಾ. ದೂರ ದೇಶದ್ವು. ಹೆಸರು ಗೊತ್ತಿಲ್ಲ."

ಆಕೆ ಮತ್ತೇನೂ ಕೇಳದೆ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತಳು. ಹೊಲದಿಂದ ಮರಳುತ್ತಿದ್ದವರು, ಹಿಟ್ಟಿನ ಗಿರಣಿಗೆ ಹೊರಟವರು ಒಬ್ಬೊಬ್ಬರಾಗಿ ಬಂದು ಕೂತರು. ಹೊತ್ತು ಮುಳುಗುವಷ್ಟರಲ್ಲಿ ಕಟ್ಟೆ ತುಂಬಿತ್ತು. ಯಾರು ಸುದ್ದಿ ಮುಟ್ಟಿಸಿದರೋ, ಬೈಕಿನ ಮೇಲೆ ಒಬ್ಬ ಪೇದೆ ಬಂದ.

"ಮೋರ್ಚಾ ಏನ್ರೀ ಇದು?"

"ಸಾವಿಗಿ ಕೂತೀವಪ್ಪಾ," ಎಂದರು ಅತ್ತೆ.

ಪೇದೆ ಟೊಪ್ಪಿಗೆ ತೆಗೆದ. ಆಮೇಲೆ ಬೈಕನ್ನು ಓಣಿಯ ತುದಿಯ ತನಕ ತಳ್ಳಿಕೊಂಡು ಹೋಗಿ ಅಲ್ಲಿ ಚಾಲೂ ಮಾಡಿದ.

ಒಳಗಿನ ಢಮಢಮ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಮಾವನವರೂ ಬಂದು ಕಟ್ಟೆಯ ಕೊನೆಗೆ ಕೂತಿದ್ದರು.

ಕತ್ತಲಾಗುತ್ತಿದ್ದಂತೆ ಎದುರುಮನೆಯವಳು ಎದ್ದು ಹೋಗಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಟ್ಟೆಯಲ್ಲಿ ಮುಚ್ಚಿಕೊಂಡು ತಂದಳು. ಮಣ್ಣು ಮುಗಿದ ಮೇಲೆ ಸಾವಾದ ಮನೆಗೆ ಹಾಗೆ ತಂದುಕೊಡುವುದು ವಾಡಿಕೆ. ಅತ್ತೆಯ ಮುಂದಿಟ್ಟು, "ಉಣ್ರಿ ಅತ್ತೀ, ಆಗಿಂದ ಹಂಗೇ ಕೂತೀರಿ," ಎಂದಳು.

ಅತ್ತೆ ಕೈ ಚಾಚಿದವರು ತಡೆದು ನನ್ನ ಕಡೆ ತಿರುಗಿದರು.

"ಮಣ್ಣಾಯ್ತೇನವ್ವಾ ಅವುಗಳದು?"

ನನಗೆ ಗೊತ್ತಿರಲಿಲ್ಲ. ಮಾವನವರ ಮುಖ ನೋಡಿದೆ. ಕಟ್ಟೆಯೆಲ್ಲ ಅವರತ್ತ ನೋಡಿತು. ಪ್ರತಿಯೊಂದು ಕ್ಷಿಪಣಿಯ ಹೆಸರು ಬಲ್ಲವರು ತಲೆ ತಗ್ಗಿಸಿ ಕಂಬಳಿಯ ಅಂಚು ಹಿಚುಕುತ್ತಿದ್ದರು.

"ಅದು ತೋರ್ಸಲಿಲ್ಲ," ಎಂದರು.

ಅತ್ತೆ ರೊಟ್ಟಿಯ ಮೇಲೆ ಬಟ್ಟೆ ಎಳೆದರು.