ನನ್ನ ಬದಲಿಗೆ ಹಿಮಕ್ಕೆ ಹೋದ ಶೇಖರ

ಶೇಖರನ ಬಗ್ಗೆ ಬರೆಯಬೇಕಾದವನು ನಾನಲ್ಲ. ಅವನನ್ನು ಕಂಡರೆ ಹೊಟ್ಟೆ ಉರಿಯದ ಬೇರೆ ಯಾರಾದರೂ ಬರೆದಿದ್ದರೆ ಚೆನ್ನಾಗಿತ್ತು. ಆದರೆ ಅವನ ಕತೆ ಪೂರ್ತಿ ಗೊತ್ತಿರುವುದು ನನಗೊಬ್ಬನಿಗೇ. ಅದರಲ್ಲಿ ಅರ್ಧ ನಡೆದದ್ದೇ ನನ್ನಿಂದ.

ನಾನು ರಮಾಕಾಂತ. ಥಾಣೆಯ ಮಾಜಿವಾಡಾ ನಾಕಾದ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಮನೆ ಬದಲಾಪುರದಲ್ಲಿ. ಹೆಂಡತಿ ಬಾಗಿ, ಮಗಳು ದಿಶಾ. ಶೇಖರ ನನ್ನ ಕೈಕೆಳಗೆ ಕೆಲಸ ಕಲಿತವನು. ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲಿ ಅಕ್ಕನ ಮನೆಯಲ್ಲಿ ಇರುತ್ತಿದ್ದ. ಸಪೂರ ಆಳು, ಮಾತು ಕಡಿಮೆ, ಬೆಳಗಿನ ಲೋಕಲ್‌ನಲ್ಲಿ ನಿಂತುಕೊಂಡೇ ನಿದ್ದೆ ಮಾಡುವ ಜಾತಿ. ಎರಡೇ ವರ್ಷಕ್ಕೆ ಅವನ ದೋಸೆ ನನ್ನ ದೋಸೆಗಿಂತ ತೆಳ್ಳಗೆ ಬರತೊಡಗಿತು. ಗಿರಾಕಿಗಳು ಹೇಳುವ ಮೊದಲೇ ಅದು ನನಗೆ ಗೊತ್ತಾಗಿತ್ತು. ಉರಿ ಶುರುವಾದದ್ದು ಅಲ್ಲಿಂದಲೇ ಇರಬೇಕು.

ಮುಂಬಯಿ ಕಡೆಯ ನಮ್ಮ ಹೋಟೆಲುಗಳಲ್ಲಿ ‘ಬದಲಿ’ ಅಂತ ಒಂದು ಪದ್ಧತಿ ಉಂಟು. ಊರಿಗೆ ಹೋಗುವವನು, ಕಾಯಿಲೆ ಬಿದ್ದವನು ತನ್ನ ಜಾಗಕ್ಕೆ ತಾನೇ ಒಬ್ಬನನ್ನು ನಿಲ್ಲಿಸಿ ಹೋಗಬೇಕು. ನಿಂತವನು ಬದಲಿ. ಕೆಲಸ ಅವನದು, ಜಾಗ ಮಾತ್ರ ಹೋದವನದು. ಬದಲಿಯವನು ಜಾಗದ ಯಜಮಾನನನ್ನು ಕೇಳದೆ ಒಂದು ದಿನವೂ ರಜೆ ಮಾಡುವ ಹಾಗಿಲ್ಲ. ಹೋದವನು ಆರು ತಿಂಗಳಿಗೆ ಬರಲಿ, ವರ್ಷಕ್ಕೆ ಬರಲಿ, ಬಂದು ಎದುರು ನಿಂತ ಕೂಡಲೇ ತುಟಿಪಿಟಕ್ಕೆನ್ನದೆ ಸರಿದು ನಿಲ್ಲಬೇಕು. ಇದು ಎಲ್ಲೂ ಬರೆದಿಟ್ಟದ್ದಲ್ಲ. ಆದರೆ ಇದನ್ನು ಮುರಿದವನಿಗೆ ದಹಿಸರಿನಿಂದ ಪನ್ವೇಲಿನವರೆಗೆ ಯಾವ ಹೋಟೆಲಿನಲ್ಲೂ ಮರ್ಯಾದೆ ಸಿಗುವುದಿಲ್ಲ.

2008ರಲ್ಲಿ ಉಲ್ಲಾಸನಗರದ ಸಿಂಧಿ ಸೇಠ್ ಒಬ್ಬರು ನಮ್ಮಲ್ಲಿಗೆ ಬಂದರು. ಆಸ್ಟ್ರಿಯಾ ದೇಶದ ಒಂದು ಬೆಟ್ಟದ ಊರಿನಲ್ಲಿ ಅವರದೊಂದು ಹೋಟೆಲು. ಚಳಿಗಾಲದಲ್ಲಿ ಅಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಜನ ಮುಗಿಬೀಳುತ್ತಾರಂತೆ, ಅವರಿಗೆ ದೋಸೆ ಹಾಕಬೇಕು. ಮೂರು ದಿನ ನನ್ನ ಕಾವಲಿಯ ಮುಂದೆ ಕುಳಿತು ತಿಂದು ಸೇಠ್ ನನ್ನನ್ನೇ ಆರಿಸಿದರು. ನಮ್ಮ ಮಾಲಕರೂ ಒಪ್ಪಿದರು. ಬಾಗಿ ಬದಲಾಪುರದ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದಳು.

ಹೊರಡಲು ತಿಂಗಳಿರುವಾಗ ನನಗೆ ಕಾಮಾಲೆ ಬಂತು ಎಂದು ಎಲ್ಲರಿಗೂ ಗೊತ್ತು. ಬಂದದ್ದು ಕಾಮಾಲೆಯಲ್ಲ, ಹೆದರಿಕೆ. ಭಾಷೆ ಗೊತ್ತಿಲ್ಲ, ಗುರುತಿನ ಮುಖವಿಲ್ಲ, ಕಾಲಿಟ್ಟಲ್ಲಿ ಮೊಣಕಾಲುದ್ದ ಹಿಮ. ಬಿದ್ದು ಸತ್ತರೆ ಹೆಣ ಯಾರು ತರುತ್ತಾರೆ ಎಂದು ಯೋಚಿಸಿ ಯೋಚಿಸಿ ಊಟವೇ ಇಳಿಯುತ್ತಿರಲಿಲ್ಲ. ಕೊನೆಗೆ ಮೂರು ದಿನ ಮಲಗಿ ಕಾಮಾಲೆ ಎಂದುಬಿಟ್ಟೆ. ನಿಜ ಗೊತ್ತಿದ್ದದ್ದು ಬಾಗಿಗೆ ಮಾತ್ರ. ಶೇಖರ ಹಿಂದೊಮ್ಮೆ ದುಬೈಗೆ ಹೋಗುತ್ತೇನೆಂದು ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದ. ಅವನನ್ನು ಕರೆದು, "ಒಂದು ಸೀಸನ್‌ಗೆ ನನ್ನ ಬದಲಿ ಹೋಗಿ ಬಾ" ಎಂದೆ.

ಅವನ ದೋಸೆ ತಿಂದು ಸೇಠ್ ಕೂಡ ಒಪ್ಪಿದರು. "ನೀವು ಹುಷಾರಾದ ಕೂಡಲೇ ಹೇಳಿ ಅಣ್ಣ, ನಾನು ಬಿಟ್ಟುಕೊಡ್ತೇನೆ" ಎಂದು ನನ್ನ ಕಾಲು ಮುಟ್ಟಿ ಹೋದ.

ಮೊದಲ ಚಳಿಗಾಲ ನನಗೆ ಅಂಥ ಸಂಕಟವೇನೂ ಆಗಲಿಲ್ಲ. ಅಲ್ಲಿ ಚಳಿಯಲ್ಲಿ ನಡುಗುತ್ತಿರಬಹುದು ಪಾಪ ಎಂದು ಒಳಗೊಳಗೇ ಸಮಾಧಾನ. ಒಂದು ಸೋಮವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದು ನಾವು ಕಾಲು ಚಾಚಿ ಕೂರುವ ಹೊತ್ತಿಗೆ, ಗಲ್ಲಾದ ಫೋನಿಗೆ ಅವನ ಕರೆ ಬಂತು. ಸೋಮವಾರ ಅವನಿಗೆ ವಾರದ ರಜೆ.

"ಅಣ್ಣ, ಇಲ್ಲಿ ಕೆಲಸದವರೆಲ್ಲ ಸ್ಕೀ ಮಾಡ್ಲಿಕ್ಕೆ ಹೋಗ್ತಾರೆ. ನನ್ನನ್ನೂ ಕರೀತಿದ್ದಾರೆ. ಹೋಗ್ಬಹುದಾ?"

"ನನ್ನನ್ನು ಯಾಕೆ ಕೇಳ್ತಿ ಮಾರಾಯ?"

"ಮತ್ತೆ? ಬಿದ್ದು ಕೈ ಮುರ್ಕೊಂಡ್ರೆ ಕಾವಲಿ ಹತ್ರ ಯಾರು ನಿಲ್ಲೋದು? ಜಾಗ ನಿಮ್ಮದಲ್ವಾ?"

ಹೋಗು ಎಂದೆ. ಬಿದ್ದು ಬರಲಿ, ಬುದ್ಧಿ ಬರಲಿ ಎಂದುಕೊಂಡೆ. ಬಿದ್ದದ್ದು ಹೌದು, ಇಪ್ಪತ್ತು ಸಲ ಬಿದ್ದನಂತೆ. ಮುಂದಿನ ಸೋಮವಾರ ಹದಿನೈದು ಸಲ. ಫೆಬ್ರವರಿಯ ಹೊತ್ತಿಗೆ ಅವನು ಬೀಳುವುದನ್ನೇ ಬಿಟ್ಟ.

ಸೀಸನ್ ಮುಗಿದರೂ ನಾನು ಜಾಗ ಕೇಳಲಿಲ್ಲ, ಅವನು ಅಲ್ಲೇ ಉಳಿದ. ಮಾರನೇ ವರ್ಷದಿಂದ ಹೋಟೆಲಿನ ಕೆಲಸದವರ ಸ್ಕೀ ತಿರುಗಾಟಕ್ಕೆಲ್ಲ ಶೇಖರನೇ ಯಜಮಾನ. ಐನೂರು ಎಲೆಯ ಮದುವೆ ಊಟಕ್ಕೆ ನಮ್ಮ ಭಟ್ಟರು ತಯಾರಿ ನಡೆಸುವ ಹಾಗೆ ಅವನು ಆ ಸೋಮವಾರಗಳನ್ನು ನಡೆಸುತ್ತಿದ್ದ. ಶನಿವಾರವೇ ಹಿಮ ಎಷ್ಟು ಬಿದ್ದಿದೆ ಎಂದು ನೋಡುವುದು. ಯಾವ ಬಸ್ಸು, ಎಷ್ಟು ಗಂಟೆಗೆ. ಬಾಡಿಗೆಯ ಬೂಟು ಯಾರಿಗೆ ಎಷ್ಟು ನಂಬರು. ಬೆಟ್ಟದ ಇಳಿಜಾರುಗಳಿಗೆ ಅಲ್ಲಿ ಬಣ್ಣದ ಗುರುತು ಹಾಕಿರುತ್ತಾರಂತೆ. ನೀಲಿ ಹೊಸಬರಿಗೆ, ಕೆಂಪು ಪಳಗಿದವರಿಗೆ, ಕಪ್ಪು ತಲೆಕೆಟ್ಟವರಿಗೆ. ಇದನ್ನೆಲ್ಲ ಅವನು ವಾರವಾರ ಫೋನಿನಲ್ಲಿ ನನಗೆ ಒಪ್ಪಿಸಿ, ಕೊನೆಗೆ "ಹೋಗ್ಬಹುದಾ ಅಣ್ಣ?" ಎನ್ನುತ್ತಿದ್ದ. ಮೂರನೆಯ ಚಳಿಗಾಲಕ್ಕೆ ಸ್ನೋಬೋರ್ಡ್ ಕಲಿತ. ಅದು ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಅಡ್ಡಡ್ಡ ಜಾರುವುದು.

ಕೇಳಿ ಕೇಳಿ ಬದಲಾಪುರದ ನನಗೆ ಆ ಬೆಟ್ಟ ಬಾಯಿಪಾಠವಾಯಿತು. ಮೇ ತಿಂಗಳ ಸೆಕೆಯಲ್ಲಿ, ಕಾವಲಿಯ ಎದುರು, ಬನಿಯನ್ ಮೈಗಂಟಿದ್ದಾಗ ತಲೆಯಲ್ಲಿ ಆ ಕೆಂಪು ಇಳಿಜಾರಿನಲ್ಲಿ ಒಬ್ಬ ಜಾರಿ ಹೋಗುತ್ತಿದ್ದ. ಅವನು ಶೇಖರ. ಅಲ್ಲಿ ಇರಬೇಕಾದವನು ನಾನು. ಆ ಬೆಟ್ಟ ನನ್ನದು, ಆ ಹಿಮ ನನ್ನದು, ಆ ಸೋಮವಾರಗಳು ನನ್ನವು. ಕೈಗೆ ಬಂದ ತುತ್ತನ್ನು ನಾನೇ ತಟ್ಟೆಯಿಂದೆತ್ತಿ ಅವನ ಬಾಯಿಗಿಟ್ಟಿದ್ದೆ. ಅವನೋ, ಅದರ ರುಚಿ ಹೇಗಿದೆಯೆಂದು ವಾರವಾರ ನನಗೇ ವರದಿ ಕೊಡುತ್ತಿದ್ದ.

"ಅವ ಹೇಳದಿದ್ರೆ ಕಳ್ಳ ಅಂತೀರಿ, ಹೇಳಿದ್ರೆ ಕೊಬ್ಬು ಅಂತೀರಿ" ಎಂದಳು ಬಾಗಿ. "ಹೆದರಿದ್ದು ನೀವು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಅವಳೊಡನೆ ಎರಡು ದಿನ ಮಾತು ಬಿಟ್ಟೆ.

2011ರ ಡಿಸೆಂಬರಿನಲ್ಲಿ ನಾನು ಒಂದು ಸಣ್ಣ ಕೆಲಸ ಮಾಡಿದೆ. ಸಣ್ಣದು ಎಂದರೆ ಸಣ್ಣತನದ್ದು. ಶೇಖರ ಆ ಸಲ ಮೂರು ದಿನದ ದೊಡ್ಡ ತಿರುಗಾಟ ಹಾಕಿದ್ದ. ಇನ್ನೂ ಎತ್ತರದ ಬೆಟ್ಟ, ಅಲ್ಲೇ ಮರದ ಮನೆಯಲ್ಲಿ ಉಳಿಯುವುದು. ಎರಡು ತಿಂಗಳಿಂದ ಅದರದೇ ಮಾತು. ಸೇಠ್ ರಜೆ ಕೊಟ್ಟಿದ್ದರು. ಬಾಕಿ ಇದ್ದದ್ದು ನನ್ನ ಒಪ್ಪಿಗೆ ಮಾತ್ರ.

"ಬೇಡ" ಎಂದೆ.

"ಯಾಕಣ್ಣ?"

"ಕ್ರಿಸ್‌ಮಸ್ ಗದ್ದಲದ ಹೊತ್ತಲ್ಲಿ ಮೂರು ದಿನ ಕಾವಲಿ ಬಿಟ್ಟು ಹೋಗೋದು ನನಗೆ ಸರಿ ಕಾಣೋದಿಲ್ಲ. ಜಾಗ ನನ್ನದು, ಹೆಸರು ಹಾಳಾಗ್ಬಾರ್ದು."

"ಆಯ್ತಣ್ಣ" ಎಂದ. ಉಳಿದವರೆಲ್ಲ ಹೋದರು. ಅವರಿಗೆ ಬಸ್ಸು, ಬೂಟು, ಕೋಣೆ ಎಲ್ಲ ಗೊತ್ತುಮಾಡಿ ಕೊಟ್ಟು ಅವನು ಅಲ್ಲೇ ನಿಂತು ದೋಸೆ ಹೊಯ್ದ. ಆ ಮೂರು ದಿನ ನನಗಾದ ಖುಷಿ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಆದರೂ ನಿಜ.

2013ರ ಮೇ ತಿಂಗಳಲ್ಲಿ ಅವನು ರಜೆಯ ಮೇಲೆ ಬಂದ. ಡೊಂಬಿವಲಿಯಲ್ಲಿ ನಿಶ್ಚಿತಾರ್ಥ. ಹುಡುಗಿ ಮಾನಸಿ, ನೆರೂಳಿನವಳು, ಶಾಲೆಯೊಂದರಲ್ಲಿ ಟೀಚರ್. ಹಾಲ್‌ನಲ್ಲಿ ಎಲ್ಲರೂ ಶೇಖರನ ಸುತ್ತ. ನನ್ನ ಮಗಳು ದಿಶಾ ಅವನ ಮೊಬೈಲು ಕಿತ್ತುಕೊಂಡು ಹಿಮದ ಫೋಟೋಗಳನ್ನು ತೋರಿಸುತ್ತಾ, "ದೇಖೋ, ಯೇ ಮೇರೆ ಕಾಕಾ ಹೈಂ" ಎಂದು, ಅವನು ತನ್ನ ಚಿಕ್ಕಪ್ಪನೆಂದು ಸಾರುತ್ತಿದ್ದಳು. ಅಪ್ಪ ದೋಸೆ ಹಾಕುವ ಒಂದೇ ಒಂದು ಫೋಟೋ ಅವಳ ಹತ್ತಿರ ಇಲ್ಲ.

ಊಟಕ್ಕೆ ಕುಳಿತಾಗ ಹುಡುಗಿಯ ಸೋದರಮಾವ ಪುಂಡರೀಕಾಕ್ಷ ಎಂಬವರು ಶೇಖರನ ಕೆಲಸದ ಬಗ್ಗೆ ವಿಚಾರಿಸಿದರು. ಅವನು ನನ್ನ ಕಡೆ ಕೈ ತೋರಿಸಿ, "ನಾನು ರಮಾಕಾಂತಣ್ಣನ ಬದಲಿ, ಮಾವ. ಜಾಗ ಅವರದ್ದು" ಎಂದ. ಎಲ್ಲರೂ ನಕ್ಕರು.

"ಹೌದಾ? ಐದು ವರ್ಷದಿಂದ ಬದಲಿ! ಹಾಗಾದ್ರೆ ನೀವು ಯಾಕೆ ಹೋಗ್ಲಿಲ್ಲ?" ಎಂದು ಆ ಮನುಷ್ಯ ಪಾಯಸ ಸುರ್ರೆಂದು ಹೀರುತ್ತಾ ನನ್ನನ್ನು ಕೇಳಿದರು.

ಪಂಕ್ತಿಯೆಲ್ಲ ನನ್ನತ್ತ ತಿರುಗಿತು. ಕಿವಿ ಕಾದುಹೋಯಿತು. "ಕಾಮಾಲೆ ಆಗಿತ್ತು. ಈಗ ಗಟ್ಟಿ ಇದ್ದೇನೆ" ಎಂದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. "ಬದಲಿ ಅಂದ್ರೆ ಬದಲಿ. ಶೇಖರ, ಇನ್ನು ಸಾಕು. ನನ್ನ ಜಾಗ ನನಗೆ ಬೇಕು."

ಬಾಗಿ ನನ್ನ ತೊಡೆ ಚಿವುಟಿದಳು. ಮಾನಸಿಯ ಕಡೆಯವರು ಮುಖ ಮುಖ ನೋಡಿಕೊಂಡರು. ಶೇಖರ ಎಲೆಯ ಮೇಲಿನ ಅನ್ನವನ್ನು ಒಂದು ಕಡೆಗೆ ಸರಿಸಿ, "ಸರಿ ಅಣ್ಣ" ಎಂದ. "ಸೇಠ್ ಹತ್ರ ಮಾತಾಡ್ತೇನೆ."

ಬಾಯಿಮಾತು ಎಂದುಕೊಂಡೆ. ವಿಮಾನ ಹತ್ತಿ ಹೋಗುವ ದೇಶದಲ್ಲಿ ನಮ್ಮ ಹೋಟೆಲಿನ ಪದ್ಧತಿ ಯಾರು ಪಾಲಿಸುತ್ತಾರೆ? ಪಾಲಿಸದಿದ್ದರೆ ನನಗೂ ಒಳ್ಳೆಯದೇ. ಬದುಕಿರುವ ತನಕ ಅವನನ್ನು ಬಯ್ಯಬಹುದು.

ಶೇಖರ ರಜೆ ಮುಗಿಸಿ ಆಸ್ಟ್ರಿಯಾಕ್ಕೆ ಹೋದ. ಸೆಪ್ಟೆಂಬರಿನಲ್ಲಿ ಅಲ್ಲಿಂದ ನನ್ನ ಹೆಸರಿಗೆ ಕೊರಿಯರ್ ಬಂತು. ಕೆಲಸದ ಪತ್ರ, ವೀಸಾದ ಅರ್ಜಿ, ಸೇಠ್ ಸಹಿ ಹಾಕಿದ ಕಾಗದ, ಎಲ್ಲ ನನ್ನ ಹೆಸರಿನಲ್ಲಿ. ಸೇಠ್‌ಗೆ ಬೇಕಾದದ್ದು ಒಬ್ಬನೇ ದೋಸೆಯವನು. ಶೇಖರ ತಾನು ಬಿಡುತ್ತೇನೆ ಎಂದು ಬರೆದುಕೊಟ್ಟು ನನಗೆ ಅರ್ಜಿ ಹಾಕಿಸಿದ್ದ. ಜೊತೆಗೆ ಕೈಬರಹದ ನಾಲ್ಕು ಹಾಳೆ. ಕಾಗದ ಇರಬಹುದೆಂದು ಬಿಡಿಸಿದರೆ, ಅದು ನನ್ನ ಮೊದಲ ಸ್ಕೀ ತಿರುಗಾಟದ ತಯಾರಿ. ‘ಮೊದಲ ಸೋಮವಾರ ನೀಲಿ ಇಳಿಜಾರು ಮಾತ್ರ. ಕಾಲ್ಚೀಲ ಎರಡು ಹಾಕಬೇಡಿ, ಒಂದೇ ದಪ್ಪದ್ದು. ಬೀಳುವಾಗ ಪಕ್ಕಕ್ಕೆ ಬೀಳಿ, ಕೈ ಊರಬೇಡಿ, ಕೈ ನಮ್ಮ ಅನ್ನ. ಬೂಟು ಎಂಟು ನಂಬರು ಎಂದು ಹೇಳಿಟ್ಟಿದ್ದೇನೆ. ಹೆದರಿಕೆಯಾದರೆ ಪಾತ್ರೆ ತೊಳೆಯುವ ನೇಪಾಳಿಗೆ ಹೇಳಿ, ಅವನಿಗೆ ಹಿಂದಿ ಬರುತ್ತದೆ, ಕೈ ಹಿಡಿದು ಇಳಿಸುತ್ತಾನೆ.’

ಆ ಹಾಳೆಗಳನ್ನು ಓದಿ ನನಗೆ ಕಣ್ಣೀರು ಬರಬೇಕಿತ್ತು. ಬಂದದ್ದು ಸಿಟ್ಟು. ನನಗೆ ಹೆದರಿಕೆಯಾಗಬಹುದೆಂದು ಬರೆಯಲು ಇವನಿಗೆಷ್ಟು ಧೈರ್ಯ! ಬಾಗಿ ಮಾತ್ರ ಹಾಳೆಗಳನ್ನು ಮಡಚಿ ದೇವರ ಪಟದ ಹಿಂದೆ ಇಟ್ಟು, "ಈ ಸಲ ಹೋಗಿ ಬನ್ನಿ" ಎಂದಳು.

ಅಕ್ಟೋಬರಿನ ಒಂದು ಗುರುವಾರ ಮುಂಬಯಿಯಲ್ಲಿ ವೀಸಾದ ಸಂದರ್ಶನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೈಲು ಹಿಡಿದು ಬದಲಾಪುರದಿಂದ ಸಿಎಸ್‌ಟಿ ಲೋಕಲ್ ಹತ್ತಿದೆ. ಕಲ್ಯಾಣ ಬರುವಾಗ ಬೆವರು ಶುರುವಾಯಿತು. ಡೊಂಬಿವಲಿಯಲ್ಲಿ ಬಾಗಿಲ ಹತ್ತಿರ ಬಂದು ನಿಂತೆ. ಥಾಣೆ ಬಂತು. ಇಳಿಯುವವರ ನೂಕಿನಲ್ಲಿ ನಾನೂ ಇಳಿದೆ. ನೂಕಿದರು ಎಂದು ಹೇಳಿಕೊಳ್ಳಬಹುದು. ಆದರೆ ಮತ್ತೆ ಹತ್ತಲು ಜಾಗವಿತ್ತು, ನಾನು ಹತ್ತಲಿಲ್ಲ. ಹೋಟೆಲಿಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕಾವಲಿಯ ಮುಂದೆ ನಿಂತೆ.

ವೀಸಾ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಶೇಖರನಿಗೂ ಹೇಳಿದೆ. ಶೇಖರ ಬಿಡುತ್ತೇನೆಂದು ಮೊದಲೇ ಬರೆದುಕೊಟ್ಟಾಗಿತ್ತು, ಅಷ್ಟರಲ್ಲಿ ಸೇಠ್ ಕಾದು ಸಾಕಾಗಿ ಬೇರೆ ಯಾರನ್ನೋ ಇಟ್ಟುಕೊಂಡಿದ್ದರು. ಶೇಖರನ ಪರವಾನಗಿ ಆ ಹೋಟೆಲಿನ ಕೆಲಸಕ್ಕೇ ಕಟ್ಟಿದ್ದು. ಕೆಲಸ ಹೋದ ಮೇಲೆ ಅದೂ ಹೋಯಿತು. ನವೆಂಬರಿನಲ್ಲಿ ಒಂದು ಪೆಟ್ಟಿಗೆ ಹಿಡಿದು ವಾಪಸ್ಸು ಬಂದ. ಮಾನಸಿ ಒಳ್ಳೆಯವಳು, ಸೋದರಮಾವ ಬೇಡವೆಂದರೂ ಮದುವೆಯಾದಳು. ನಮ್ಮ ಮಾಲಕರು ಅವನನ್ನು ಎರಡನೇ ಕಾವಲಿಗೆ ನಿಲ್ಲಿಸಿದರು, ನನ್ನ ಪಕ್ಕದಲ್ಲೇ.

ನಾನು ಬಯಸಿದ್ದು ಇದನ್ನೇ ಅಲ್ಲವೇ? ಅವನಿಗೆ ಹಿಮ ಇಲ್ಲ, ನನಗೂ ಇಲ್ಲ. ಆದರೂ ಉರಿ ಆರಲಿಲ್ಲ. ಆಸ್ಟ್ರಿಯಾದ ಹೋಟೆಲಿನ ಗೆಳೆಯರು ತಿರುಗಾಟದ ವಿಷಯ ಈಗಲೂ ಅವನನ್ನೇ ಕೇಳುವುದು. ಮಧ್ಯಾಹ್ನ ಮೂರಕ್ಕೆ ಅವನ ಮೊಬೈಲು ಗುಂಯ್‌ಗುಡುತ್ತದೆ. ಹಿಟ್ಟಿನ ಕೈ ಒರೆಸಿಕೊಂಡು, ಮಾಜಿವಾಡಾದಲ್ಲಿ ನಿಂತು, ಯಾವ ಸೋಮವಾರ, ಯಾವ ಬಸ್ಸು, ಯಾವ ಇಳಿಜಾರು ಎಂದು ಅವನು ಹೇಳಿಕೊಡುತ್ತಾನೆ. ತಾನಿಲ್ಲದ ತಿರುಗಾಟಕ್ಕೆ ಇಷ್ಟು ಸಂತೋಷದಿಂದ ತಯಾರಿ ಮಾಡುವವನನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಆ ಗುಣ ಎಲ್ಲಿಂದ ಬರಬೇಕು?

ಜನವರಿಯ ಒಂದು ಮಧ್ಯಾಹ್ನ ಹಾಗೆ ಮಾತಾಡಿ ಮುಗಿಸಿದವನು ನನ್ನತ್ತ ತಿರುಗಿದ.

"ಸೇಠ್‌ನ ಹೊಸ ಜನ ಸರಿ ಇಲ್ವಂತೆ ಅಣ್ಣ. ಇನ್ನೊಮ್ಮೆ ನಿಮ್ಮ ಅರ್ಜಿ ಹಾಕಿಸ್ತೇನೆ. ವೀಸಾದವರು ಯಾವಾಗ್ಲೂ ಹಾಗೆ ಮಾಡ್ಲಿಕ್ಕಿಲ್ಲ. ನಿಮಗೆ ಆದದ್ದು ಅನ್ಯಾಯ."

"ಬೇಡ" ಎಂದೆ.

"ಯಾಕೆ ಬೇಡ? ನಿಮ್ಮ ಜಾಗ..."

"ನಾನು ವೀಸಾಕ್ಕೆ ಹೋಗ್ಲೇ ಇಲ್ಲ ಮಾರಾಯ!" ಎಷ್ಟು ಜೋರಾಗಿ ಹೇಳಿದೆನೆಂದರೆ ಗಲ್ಲಾದ ಮೇಲಿದ್ದ ಮಾಲಕರು ಕತ್ತೆತ್ತಿದರು. "ಥಾಣೆಯಲ್ಲೇ ಇಳಿದೆ. ಮೊದಲ ಸಲ ಕಾಮಾಲೆಯೂ ಆಗಿರ್ಲಿಲ್ಲ. ಹೆದರಿಕೆ, ಎರಡು ಸಲವೂ. ಅಲ್ಲಿಗೆ ಹೋಗ್ಬೇಕು ಅಂತ ನನಗೆ ಯಾವತ್ತೂ ಇರ್ಲಿಲ್ಲ. ನೀನು ಅಲ್ಲಿರೋದು ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ, ಅಷ್ಟೇ."

ಬಯ್ಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅವನ ಕಾವಲಿಯ ಮೇಲೊಂದು ದೋಸೆ ಇತ್ತು. ಅದರ ಅಂಚನ್ನು ಸಟ್ಟುಗದಿಂದ ಎಬ್ಬಿಸಿ, ಮಡಚಿ, ತಟ್ಟೆಗೆ ಹಾಕಿ ಮುಂದೆ ದೂಡಿದ. ಆಮೇಲೆ ನನ್ನ ಮುಖ ನೋಡದೆ, ಎಂದಿನ ಮೆಲುದನಿಯಲ್ಲಿ ಹೇಳಿದ:

"ಕೊರಿಯರ್ ಬಂದಾಗ್ಲೇ ನಿಮಗೆ ಬೇಡ ಅಂತ ಒಂದು ಮಾತು ಹೇಳಿದ್ರೆ ನಾನು ಅಲ್ಲೇ ಇರ್ತಿದ್ದೆ ಅಲ್ವಾ ಅಣ್ಣ?"

ನನ್ನ ಕಾವಲಿಯ ಮೇಲಿನ ದೋಸೆ ಸೀದು ಕರಿಯಾಗಿತ್ತು. ಅದನ್ನು ಅವನೇ ಬಂದು ಕೆರೆದು ತೆಗೆದ.