ಉಡಚವ್ವನ ಬಲಗೈ

ಕದರಮಂಡಲಗಿ ಉಡಚವ್ವ ಅಂದ್ರ ಮೆಣಸಿನಕಾಯಿಗೂ ಅಂಜಿಕಿ. ಬ್ಯಾಡಗಿ ಪ್ಯಾಟ್ಯಾಗ ದೊಡ್ಡದೊಂದು ಷೆಡ್ಡು. ಅಲ್ಲಿ ಹೆಣ್ಮಕ್ಕಳು ಸಾಲಾಗಿ ಕುಂತು ಕಾಯಿ ತುಂಬು ಬಿಡಸತಾರ, ಅಂದ್ರ ತೊಟ್ಟು ಕಿತ್ತು ಒಗೀತಾರ. ಆ ಸಾಲಿನ ತುದಿಗೆ ಉಡಚವ್ವ ಬಂದು ಕುಂತ್ಲಂದ್ರ, ಕಾಯಿಗಳೇ "ಎವ್ವಾ, ನೀ ಯಾಕ ತ್ರಾಸ ತಗೋತೀ, ನಾವ ಬಿಡತೀವಿ" ಅಂತ ತುಂಬು ಉದುರಿಸಿ ಕೊಡತಿದ್ದುವಂತ. ಇದು ಆಕಿ ಗಂಡ ಹಾಲೇಶಪ್ಪ ಹೇಳೂ ಮಾತು. ಅವ ಅದ ಮಾರ್ಕೆಟ್ಟಿನಾಗ ಹಮಾಲ. ಅವನ ಮಾತಿನಾಗ ಮುಕ್ಕಾಲು ಗಾಳಿ, ಕಾಲು ಧೂಳು. ಒಮ್ಮೆ ಆಕಿ ಸೀನಿದ ಹೊಡತಕ್ಕ ಊರಾಗಿನ ಹನಮಪ್ಪನ ಗುಡಿ ಗಂಟಿ ತಾನ ಬಾರಿಸಿ, ಪೂಜಾರಿ ಮಲಗಿದ್ದಾಂವ ಎದ್ದು ಮಟಮಟ ಮಧ್ಯಾಹ್ನ ಮಂಗಳಾರತಿ ಎತ್ತಿದ್ನಂತ. ಸುಳ್ಳು, ಬಿಡ್ರಿ. ಆದ್ರ ಆಕಿ ಕೈ ಓಡತಿದ್ದದ್ದು ಮಾತ್ರ ಖರೇ. ಹೆಬ್ಬಟ್ಟು, ತೋರಬೆರಳು ಎರಡ ಸಾಕು. ಚಟ್ ಅಂದ್ರ ತುಂಬು ಆ ಕಡೆ, ಕಾಯಿ ಈ ಕಡೆ. ಒಂದು ಬೀಜ ಉದುರಾಂಗಿಲ್ಲ.

ಆಕಿ ಹುಟ್ಟಿದ್ದು ತುಂಗಭದ್ರಾ ಹೊಳಿ ದಂಡಿಮ್ಯಾಲಿನ ಐರಣಿ ಊರಾಗ. ಕೊಟ್ಟಿದ್ದು ಕದರಮಂಡಲಗಿಗೆ. ಮದುವ್ಯಾದ ವರ್ಷನ ಅತ್ತಿ ಕರಕೊಂಡು ಹೋಗಿ ಷೆಡ್ಡಿನಾಗ ಕುಂದ್ರಿಸಿದ್ಲು. ಮೊದಲನೇ ದಿನ ಕಣ್ಣು ಒರಸಿಕೊಂಡು, ಆ ಕಣ್ಣಿಗೂ ಖಾರ ಹತ್ತಿ, ಗೋಡಿ ಹಿಡಕೊಂಡು ಮನಿಗೆ ಬಂದಿದ್ಲಂತ. ಆಮ್ಯಾಲ ಕಾಯಿ ಜೋಡಿನ ಬಾಳೇವು ಮಾಡಿದ್ಲು. ಅಂಗೈ ಕೆಂಪ ಬಣ್ಣ ಕುಡದು ಕುಡದು ದಿನಾ ಮದರಂಗಿ ಹಚ್ಚಿದಂಗ ಇರತಿತ್ತು. ತೊಳದ್ರೂ ಹೋಗಾಂಗಿಲ್ಲ.

ಆ ಷೆಡ್ಡಿನಾಗ ಉಡಚವ್ವನೇ ಒಂದು ಕಟ್ಟಳೆ ಹಾಕಿದ್ಲು. ಕೈ ಉರೀತೈತಿ ಅಂತ ಬಾಯಿ ಬಿಟ್ಟಾಕಿಗೆ "ಉರಿ ಮದುಮಗಳು" ಅಂತ ಹೆಸರು. ಆಕಿನ್ನ ನಡುವ ಕುಂದ್ರಿಸಿ, ಮಲ್ಲಿಗಿ ಬದಲಿ ತುರುಬಿಗೆ ತುಂಬು ಮುಡಸಿ, ಎಲ್ಲಾರೂ ಸೋಬಾನ ಹಾಡೂದು. ಹೊಸದಾಗಿ ಬಂದ ಪ್ರಿಯಾಂಕಾ ಅನ್ನೂ ಹುಡುಗಿ ಮೊದಲನೇ ವಾರ ಎರಡು ಸಲ ಮದುಮಗಳಾದ್ಲು. "ಏ ಹುಡುಗಿ, ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು. ಇದ ನಿನಗ ಉರಿ ಅಂದ್ರ, ನಾಳೆ ಗುಂಟೂರ ಕಾಯಿ ಬಂದ್ರ ಬಾಂವಿಗೆ ಹಾರತೀಯೇನು?" ಅಂತ ಉಡಚವ್ವ ನಕ್ಕಿದ್ಲು. ನಗಾಕ ಅಡ್ಡಿ ಇಲ್ರಿ. ಆದ್ರ ಹಂಗ ನಕ್ಕಾಕಿಗೆ ಮುಂದ ತಾನ ಉರಿ ಅನ್ನಾಕ ಬಾಯಿ ಬರಾಂಗಿಲ್ಲ.

ಗುಂಟೂರ ಕಾಯಿ ರಾಶಿ ಬಂದಿದ್ದ ಒಂದು ಮುಂಜಾನಿ. ಟಂಟಂ ಗಾಡಿಯಿಂದ ಇಳಿಯೂ ಮುಂದ ಸೀರಿ ನೆರಿಗಿ ಸಿಕ್ಕೊಂಡು ಉಡಚವ್ವ ಮುಗ್ಗರಿಸಿದ್ಲು. ಬಲಗೈ ಊರಿದ್ಲು. ಜಲ್ಲಿಕಡಿ ಹಾಸಿದ ರಸ್ತೆ. ಅಂಗೈ ಬುಡದಾಗ, ಹೆಬ್ಬಟ್ಟಿನ ಕೆಳಗ, ಚರ್ಮ ತರಚಿ ಹೋತು. ರಕ್ತ ಭಾಳ ಬರಲಿಲ್ಲ. ಸಣ್ಣ ಸಣ್ಣ ಉಸುಕು ಒಳಗ ಕುಂತಿತ್ತು, ರವಾ ಚೆಲ್ಲಿದಂಗ.

"ನಳದ ನೀರಾಗ ಹಿಡಿ ಉಡಚವ್ವಾ, ಉಸುಕು ಹೋಗ್ಲಿ," ಅಂದ್ಲು ಬಾಜೂಕ ಕುಂದ್ರೂ ಮುದುಕವ್ವ.

"ನಳದ ಮುಂದ ಪಾಳಿ ಹನಮಪ್ಪನ ಬಾಲದಂಗ ಐತಿ. ನಾ ಅಲ್ಲಿ ನಿಂತ್ರ ಇಲ್ಲಿ ನನ್ನ ಜಾಗಾದಾಗ ನೀ ಕುಂದ್ರತಿ."

"ನಿನ್ನ ಜಾಗಾ ತಗೊಂಡು ಏನ ಗುಡಿ ಕಟ್ಟಲೇನ?"

"ಗುಡಿ ಕಟ್ಟಬ್ಯಾಡ, ಬಾಯಿ ಕಟ್ಟು," ಅಂದು, ಸೆರಗಿಲೆ ಒರಸಿ, ಎರಡು ಸಲ ಊದಿ, ಉಡಚವ್ವ ಕಾಯಿಗೆ ಕೈ ಹಾಕಿದ್ಲು.

ಆಗ ಹತ್ತಿದ ಉರಿ ಎಂಥಾದ್ದು ಅಂತ ಆಕಿಗೊಬ್ಬಾಕಿಗೇ ಗೊತ್ತು. ತಲಿ ಗಿರ್ ಅಂತು. ಹಲ್ಲು ಕಚ್ಚಿ ಹಿಡದ್ಲು. ತುರುಬಿಗೆ ತುಂಬು ಮುಡಸಾಕ ಎಲ್ಲಾರೂ ಕಾಯಾಕತ್ತಾರ ಅಂತ ಆಕಿಗೆ ಅನಿಸಿತು. ಸಂಜಿಮಟಾ ಕೈ ನಿಲ್ಲಿಸಲಿಲ್ಲ.

ಮನಿಗೆ ಬಂದು ಖಾರಕ್ಕ ಮಾಡೂ ಔಷಧನ ಮಾಡಿದ್ಲು. ಹುಳಿ ಮಜ್ಜಗ್ಯಾಗ ಕೈ ಅದ್ದಿದ್ಲು, ಮ್ಯಾಲ ಬೆಣ್ಣಿ ಸವರಿದ್ಲು, ಹಳೇ ಸೀರಿ ಅರಿವಿ ಸುತ್ತಿದ್ಲು. ಬರೇ ಖಾರ ಹತ್ತಿದ್ರ ಅದು ನಡೀತೈತಿ. ಮ್ಯಾಲಿನ ಚರ್ಮ ಹೋದ ಜಾಗಾಕ್ಕ ಮಜ್ಜಗಿ, ಬೆಣ್ಣಿ ಅಂದ್ರ ನಂಜಿಗೆ ಎಲಿ ಹಾಕಿ ಬಡಿಸಿದಂಗ. ಅದನ್ನ ಆಕಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ರೂ ಕೇಳತಿದ್ಲೋ ಇಲ್ಲೋ.

ಎರಡು ದಿನಾ ಆದಮ್ಯಾಲ ತರಚಿದ ಗಾಯ ಹಕ್ಕಳಿ ಕಟ್ಟಿ, ಬ್ಯಾನಿ ಇಳೀಬೇಕು. ಈಕಿದು ಏರತಾ ಹೋತು. ಕೈ ಬಿಸಿ ಆತು. ಖಾರದ ಬಿಸಿ ಅಂದ್ಲು. ಕೆಂಪಾತು, ಈ ಕೈ ಯಾವಾಗ ಬೆಳ್ಳಗಿತ್ತು ಅಂದ್ಲು. ಬಾತಿತು, ದುಡದ ಕೈಗೆ ಬಾವು ಬರೂದ ಅಂದ್ಲು. ಅರಿವಿ ಒಳಗ ಹಳದಿ ಹಸಿ ಕಂಡ್ರ ಬೆಣ್ಣಿ ಕರಗೇತಿ ಅಂದ್ಲು. ದೇವ್ರು ಒಂದೊಂದ ಗುರುತು ತೋರಸತಿದ್ದ, ಈಕಿ ಒಂದೊಂದಕ್ಕೂ ಒಂದೊಂದು ಹೆಸರಿಡತಿದ್ಲು.

ಸೊಸಿ ಶ್ರೀದೇವಿ ಒಂದಿನ ಅತ್ತಿ ಮೈಗೆ ನೀರು ಹಾಕೂ ಮುಂದ ನೋಡಿದ್ಲು. ಬಲಗೈಯಾಗಿನ ಗಾಜಿನ ಬಳಿ ಮ್ಯಾಲೂ ಹೋಗವಲ್ವು, ಕೆಳಗೂ ಬರವಲ್ವು. ಮುಂಗೈಯಿಂದ ಮೊಣಕೈ ದಾಟಿ ಒಂದು ಕೆಂಪ ಗೆರಿ, ಕುಂಕುಮದಾಗ ಎಳಿ ಅದ್ದಿ ಎಳದಂಗ.

"ಅತ್ತಿ, ಮೊಣಕೈ ಮ್ಯಾಲೂ ಕಾಯಿ ತಿಕ್ಕೊಂಡೀರೇನು? ಇದ್ಯಾನ ಗೆರಿ?"

"ಖಾರ ಏರೇತಿ, ಇಳೀತೈತಿ."

"ಬಗಲಾಗ ಗಂಟಾಗೇತಲ್ರಿ! ರಾಣೇಬೆನ್ನೂರಿಗೆ ತೋರಸೂಣು ನಡೀರಿ."

"ತರಚಿದ್ದಕ್ಕ ದವಾಖಾನಿಗೆ ಹೋದ್ರ ಊರು ನಗತೈತಿ. ನಾಳೆ ಹೊಸಾ ಮಾಲು ಬರತೈತಿ, ಸುಮ್ಮಕಿರು."

ಹಾಲೇಶಪ್ಪನೂ ಹೆಂಡತಿ ಕಡೆನ ನಿಂತ. "ಏ ಶ್ರೀದೇವಿ, ನಾ ಐರಣಿ ಹೊಳ್ಯಾಗ ಈಸೂ ಮುಂದ ಬಂಡಿಗಲ್ಲು ಬಡದು ಮೊಣಕಾಲ ಪೂರಾ ಸುಲದಿತ್ತು. ನೀರಾಗಿನ ಮೀನು ಬಂದು ನೆಕ್ಕಿ, ಹೊಸಾ ಚರ್ಮ ಹೊಲದು, ಗುಂಡಿ ಹಚ್ಚಿ ಕಳಿಸಿದ್ವು! ತರಚಿದ್ದಕ್ಕ ಯಾರರ ಸಾಯತಾರೇನು?" ಮಾವನ ಮಾತಿಗೆ ಶ್ರೀದೇವಿ ನಗಲಿಲ್ಲ. ಎದುರೂ ಆಡಲಿಲ್ಲ. ಅಲ್ಲೇ ತಪ್ಪಿತು.

ಮರುದಿನ ಷೆಡ್ಡಿನಾಗ, ಬಿಸಲು ತಗಡ ಕಾಸೂ ಹೊತ್ತಿನ್ಯಾಗ, ಉಡಚವ್ವ "ಥಂಡಿ" ಅಂದ್ಲು. ಗಡಗಡ ನಡಗಾಕತ್ತಿದ್ಲು. ಮುದುಕವ್ವ ಹಣಿ ಮುಟ್ಟಿ ಕೈ ಹಿಂದಕ್ಕ ತಗೊಂಡ್ಲು. ಪ್ರಿಯಾಂಕಾ ಓಡಿ ಹೋಗಿ ಹಾಲೇಶಪ್ಪನ್ನ ಕರಕೊಂಡು ಬಂದ್ಲು. ಚೀಲದಂಗ ಹೆಗಲಿಗೆ ಹಾಕ್ಕೊಂಡು ಒಯ್ದು ಗಾಡ್ಯಾಗ ಕುಂದ್ರಿಸಿದ. ಎಷ್ಟು ಮೂಟಿ ಹೊತ್ತ ಹೆಗಲದು! ಅವತ್ತು ಹೊತ್ತದ್ದು ಹೆಂಡತಿನ್ನ.

ರಾಣೇಬೆನ್ನೂರಾಗ ಡಾಕ್ಟರ ರೋಹಿಣಿ ಅರಿವಿ ಬಿಚ್ಚಿದ್ರು. ವಾಸನಿಗೆ ಹಾಲೇಶಪ್ಪ ಕಿಡಕಿ ಕಡೆ ಮುಖಾ ತಿರುವಿದ. ಡಾಕ್ಟರು ತಮ್ಮ ಹಿಂಗೈಲೆ ಮೊದಲು ಆಕಿ ಎಡಗೈ ಮುಟ್ಟಿದ್ರು, ಆಮ್ಯಾಲ ಬಲಗೈ.

"ಉಡಚವ್ವಾರ, ಎಡಗೈಲೂ ಕಾಯಿ ಹಿಡೀತೀರಿ ಹೌದಲ್ಲೋ? ಅದು ಉರೀತೈತೇನ್ರಿ?"

"ಇಲ್ರಿ ಡಾಕ್ಟರಬಾಯೇರ."

"ಖಾರ ಆಗಿದ್ರ ಎರಡೂ ಉರೀಬೇಕಿತ್ತು. ಖಾರದ ಉರಿ ರಾತ್ರಿ ಕಳದ್ರ ಇಳೀತೈತಿ. ಇದು ದಿನಾ ಏರೇತಿ. ಇದು ನಂಜು."

ಉಡಚವ್ವ ತನ್ನ ಎಡಗೈ ಎತ್ತಿ ನೋಡಿಕೊಂಡ್ಲು. ಅದು ತಣ್ಣಗಿತ್ತು. ಇಷ್ಟು ದಿನಾ ತೊಡಿ ಮ್ಯಾಲ ಕುಂತು ಸಾಕ್ಷಿ ಹೇಳಾಕತ್ತಿದ್ರೂ ಆಕಿ ಅದನ್ನ ಕೇಳಿರಲಿಲ್ಲ.

ರಕ್ತ ತಗದು ನೋಡಿದ್ರು. ಸಕ್ಕರಿ ಕಾಯಿಲಿನೂ ಇತ್ತು. ಯಾವಾಗಿಂದ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕ ನಂಜು ಅಷ್ಟು ಲಗೂನ ಓಡಿತ್ತು. "ಇಲ್ಲಿ ಆಗಾಂಗಿಲ್ರಿ. ಈಗಿಂದೀಗ ಹಾವೇರಿಗೆ ಹೋಗ್ರಿ. ಜೀವಕ್ಕ ಅಂಜಿಕಿ ಐತಿ, ಕೈ ಮಾತು ಆಮ್ಯಾಲ," ಅಂದ್ರು.

"ಜೀವ ಇರ್ಲಿ ಬಿಡ್ರಿ, ಹೆಬ್ಬಟ್ಟು ಉಳೀತೈತೇನ್ರಿ?" ಅಂದ್ಲು ಉಡಚವ್ವ. ಜರದಾಗೂ ಅದ ಮಾತು.

ಹಾವೇರಿ ದವಾಖಾನ್ಯಾಗ ಕೊಯ್ದು, ಕೀವು ತಗದು, ಸತ್ತ ಮಾಂಸ ಕೆರದ್ರು. ಜೀವ ಉಳೀತು. ಕೈ ಉಳೀತು. ಹೆಬ್ಬಟ್ಟೂ ಉಳೀತು, ಆದ್ರ ಅದರ ಬುಡದಾಗಿನ ದಪ್ಪ ಮಾಂಸ ಹೋಗಿತ್ತು. ಮಡಚಾಕ ಬರವಲ್ತು. ಗೌಡರ ಮನಿ ಬಾಗಲಾಗ ನಿಂತ ಹಳೇ ಆಳಿನಂಗ, ಐತಿ ಅನ್ನಾಕ ಐತಿ, ಕೆಲಸಕ್ಕಿಲ್ಲ.

ಪಟ್ಟಿ ಕಟ್ಟೂ ನರ್ಸ್ ಅರುಣಾ ದಿನಾ ಬೈಯಾಕಿ. "ಅಜ್ಜಾ, ಬಿದ್ದ ಕೂಡ್ಲೆ ಹರಿಯೂ ಚೊಲೋ ನೀರಾಗ ಹಿಡದು ಉಸುಕು ತೊಳದು, ಒಗದ ಅರಿವಿ ಕಟ್ಟಿ, ದಿನಾ ಬದಲಿ ಮಾಡಿ, ಖಾರದಿಂದ ದೂರ ಇದ್ದಿದ್ರ ಇಷ್ಟೆಲ್ಲಾ ಆಗತಿರಲಿಲ್ರಿ. ಒಂದು ಧನುರ್ವಾಯು ಇಂಜೆಕ್ಷನ್ನರ ಮಾಡಸಬಾರದಿತ್ತೇನ್ರಿ? ಬಿಸಿ, ಬಾವು, ಕೀವು, ಕೆಂಪ ಗೆರಿ, ಜರ... ಒಂದು ಕಂಡ್ರೂ ಓಡಿ ಬರಬೇಕ್ರಿ."

ಹಾಲೇಶಪ್ಪ ತಲಿ ಬಗ್ಗಿಸಿ "ಹೂನವಾ" ಅಂದ. ಮೀನಿನ ಕತಿ ಅವನ ಬಾಯಿಂದ ಮತ್ತ ಯಾರೂ ಕೇಳಲಿಲ್ಲ.

ಮುಂದಿನ ಸುಗ್ಗಿಗೆ ಉಡಚವ್ವ ಯಾರ ಮಾತೂ ಕೇಳದೇ ಷೆಡ್ಡಿಗೆ ಹೋದ್ಲು. ಎಲ್ಲಾರೂ ಸರದು ಅದ ತುದಿ ಜಾಗಾ ಬಿಟ್ಟು ಕೊಟ್ರು. ಕುಂತ್ಲು. ಹೆಬ್ಬಟ್ಟು ಮಡಚಲಿಲ್ಲ, ತೋರಬೆರಳು, ನಡುಬೆರಳಿನ ಸಂದ್ಯಾಗ ತುಂಬು ಹಿಡದು ಎಳದ್ಲು. ಕಾಯಿ ನಡುವ ಹರದು ಬೀಜ ಉಡ್ಯಾಗ ಚೆಲ್ಲಿದ್ವು. ಇನ್ನೊಂದು ತಗೊಂಡ್ಲು. ಅದೂ ಹಂಗ. ಎಡಗೈಲೆ ನೋಡಿದ್ಲು. ಆ ಕೈಗೆ ಕಾಯಿ ಹಿಡಿಯೂದಷ್ಟ ಗೊತ್ತಿತ್ತು, ಬಿಡಸೂದು ಗೊತ್ತಿರಲಿಲ್ಲ.

ಹರದ ಕಾಯಿ ಆಕಿ ಮುಂದ ಗುಂಪ ಆದ್ವು. ಯಾರೂ ನೋಡಲಿಲ್ಲ. ನೋಡಬಾರದಂತ ಎಲ್ಲಾರೂ ತಮ್ಮ ತಮ್ಮ ರಾಶಿಗೆ ತಲಿ ಹಾಕಿದ್ರು. ಮುದುಕವ್ವ ಒಬ್ಬಾಕಿ, ತಾ ಬಿಡಿಸಿದ ಕಾಯಾಗಿನ ಒಂದು ಬೊಗಸಿ ಸುಮ್ಮನ ಈಕಿ ಬುಟ್ಟಿಗೆ ಹಾಕಿದ್ಲು.

ಉಡಚವ್ವ ಆ ಬೊಗಸಿ ಕಾಯಿ ತಿರುಗಿ ಮುದುಕವ್ವನ ಬುಟ್ಟಿಗೆ ಸುರುವಿದ್ಲು. ಉಡಿ ಝಾಡಿಸಿಕೊಂಡು ಎದ್ಲು.

"ಎಲ್ಲಿ ಹೊಂಟಿ, ಕುಂದರವಾ," ಅಂದ್ಲು ಮುದುಕವ್ವ.

"ಈ ಜಾಗಾದಾಗ ನೀ ಕುಂದರು," ಅಂದ್ಲು ಉಡಚವ್ವ. ಈ ಸಲ ಚೇಷ್ಟಿಗೆ ಅಂದಿದ್ದಲ್ಲ. ಮುದುಕವ್ವನ್ನ ರಟ್ಟಿ ಹಿಡದು ಎಬ್ಬಿಸಿ, ತುದಿಗೆ ಸರಿಸಿ ಕುಂದ್ರಿಸಿ, ಹೊರಗ ನಡದ್ಲು.